ಟೊಮ್ಯಾಟೊ ಗಿಡದ ಕಂಕುಳಿಗೆ ಬಂದ ಕುಡಿಗಳು

ಲೋಕದ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟ ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೇ ಗೊತ್ತಿರಲಿಲ್ಲ. ಬೆಳಗ್ಗೆ ಹಿಂಗೆ ಹರಿದರೆ ಸಂಜೆ ಹಂಗೆ ಹರಿಯುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು, ನೆಲವೂ ಮಾತಾಡುತ್ತಿತ್ತು.

ಆಗ ನೆಲ ಯಾರ ಕಾಲನ್ನೂ ಹಿಡಿದುಕೊಳ್ಳುತ್ತಿರಲಿಲ್ಲ. ಒಂದು ಕಡೆ ನಿಂತರೆ ಅಂಗಾಲ ಕೆಳಗೆ ಮೆಲ್ಲಗೆ ಜಾರುತ್ತಿತ್ತು. "ನಡಿ, ನಡಿ" ಅನ್ನುತ್ತಿತ್ತು. ಹಾಗಾಗಿ ಮನುಷ್ಯರೆಲ್ಲ ನಡೆಯುತ್ತಲೇ ಇದ್ದರು. ನಡೆಯುತ್ತ ಉಣ್ಣುತ್ತಿದ್ದರು, ನಡೆಯುತ್ತ ಜಗಳ ಆಡುತ್ತಿದ್ದರು, ನಡೆಯುತ್ತ ಮಕ್ಕಳನ್ನು ಮಲಗಿಸುತ್ತಿದ್ದರು.

ನಿಲ್ಲಬೇಕು ಅನ್ನುವವರಿಗೆ ಒಂದೇ ದಾರಿ ಇತ್ತು. ನೆಲದ ಹತ್ತಿರ ಒಂದು ಬೀಜ ಕೇಳಿ ಪಡೆಯಬೇಕು, ಊರಬೇಕು, ಮೊದಲ ಮಳೆ ಬೀಳುವುದರೊಳಗೆ ಅದರ ಒಂದು ಹಣ್ಣನ್ನು ನೆಲಕ್ಕೇ ತಿರುಗಿ ಕೊಡಬೇಕು. ಅಲ್ಲಿಯ ತನಕ ನೆಲ ಜಾರದೆ ಕಾಯುತ್ತಿತ್ತು.

"ಎಲೆ ಕೊಟ್ಟರೆ ಬೇಡ, ಕಾಯಿ ಕೊಟ್ಟರೆ ಬೇಡ, ಹಣ್ಣೇ ಆಗಬೇಕು" ಅನ್ನುತ್ತಿತ್ತು ನೆಲ. "ಕೊಟ್ಟವರ ಕಾಲು ಹಿಡ್ಕೋತೀನಿ. ಕೊಡದವರು ನಡೀತಾ ಇರಲಿ."

ಹಂಗೆ ನಡೆಯುತ್ತಿದ್ದವರಲ್ಲಿ ದ್ಯಾವಕ್ಕ ಒಬ್ಬಳು. ಜೊತೆಗೆ ಅವಳ ತಮ್ಮ ಜಡಿಯ. ಅವ್ವ ಅಪ್ಪ ದಾರಿಯಲ್ಲೇ ತೀರಿಹೋದ ಮೇಲೆ ತಮ್ಮನನ್ನು ಕಂಕುಳಲ್ಲಿ ಹೊತ್ತುಕೊಂಡು ನಡೆದವಳು ದ್ಯಾವಕ್ಕನೇ. ಈಗ ಜಡಿಯ ಅವಳಿಗಿಂತ ಉದ್ದ ಬೆಳೆದಿದ್ದ. ಆದರೆ ದ್ಯಾವಕ್ಕನ ಕಾಲು ಸೋತುಹೋಗಿತ್ತು. ಹಿಮ್ಮಡಿ ಒಡೆದು ಹೆಜ್ಜೆಗೊಂದು ಕೆಂಪು ಗುರುತು ಬೀಳುತ್ತಿತ್ತು.

"ನನ್ನ ಕಾಲು ಮುಗೀತು ಕಣೋ ಜಡಿಯ" ಅಂದಳು. "ಈ ಸಲದ ಮಳೆಗಾಲ ನಡೆಯೋಕೆ ನನ್ನ ಕೈಲಿ ಆಗಲ್ಲ."

"ನಾನು ಹೊರ್ತೀನಿ ಬಿಡು. ನೀನೇನು ಕುಂಬಳಕಾಯಾ, ಅಷ್ಟು ಭಾರ ಇರೋಕೆ?"

"ಹೊತ್ಕೊಂಡು ಎಲ್ಲಿಗೆ ಹೋಗ್ತೀಯ?"

ಜಡಿಯ ಅವಳ ತೋಳು ಹಿಡಿದು ಮುಂದೆ ನಡೆಸಿದ.

ಇಬ್ಬರೂ ಹೊಳೆ ಪಕ್ಕದ ಬಯಲಿಗೆ ಬಂದರು. ಅಷ್ಟರಲ್ಲಿ ಒಳ್ಳೊಳ್ಳೆ ಜಾಗವನ್ನೆಲ್ಲ ಬೇರೆಯವರು ಹಿಡಿದುಕೊಂಡಾಗಿತ್ತು. ಬದನೆ ಊರಿದವರ ಹತ್ತಿರ ಹೋಗಿ ಕೇಳಿದರು, "ಇಲ್ಲಿ ಜಾಗ ಇಲ್ಲ" ಅಂದರು. ಮೆಣಸಿನಕಾಯಿ ಊರಿದವರ ಹತ್ತಿರ ಕೇಳಿದರು, "ಇಲ್ಲಿ ಜಾಗ ಇಲ್ಲ" ಅಂದರು. ಸೋರೆಬಳ್ಳಿಯವರು ಕೇಳುವುದಕ್ಕೆ ಮುಂಚೆಯೇ ಕೈ ಆಡಿಸಿದರು.

ಕೊನೆಗೆ ನೆಲವೇ ಕರೆಯಿತು. "ಬಂಡೆಗೂ ಹೊಳೆಗೂ ನಡುವೆ ಮೊರದಗಲ ಉಳಿದಿದೆ. ಒಂದು ಬುಡಕ್ಕಾಗುವಷ್ಟು ಸಾರ ಇದೆ, ಎರಡಕ್ಕೆ ಇಲ್ಲ. ಬೀಜವೂ ಒಂದೇ ಉಳಿದಿರೋದು. ಯಾರೂ ತಗೊಂಡಿಲ್ಲ."

"ಯಾಕೆ ತಗೊಂಡಿಲ್ಲ?" ಅಂದಳು ದ್ಯಾವಕ್ಕ.

"ಬೆನ್ನುಮೂಳೆ ಇಲ್ಲ ಅದಕ್ಕೆ. ನೆಟ್ಟಗೆ ನಿಲ್ಲಲ್ಲ."

ದ್ಯಾವಕ್ಕ ತನ್ನ ಕಾಲನ್ನು ನೋಡಿಕೊಂಡಳು. "ನನಗೂ ನಿಲ್ಲೋಕೆ ಆಗಲ್ಲ. ಕೊಡು" ಅಂದಳು.

ಅದು ಟೊಮ್ಯಾಟೊ ಬೀಜ. ಚಪ್ಪಟೆ, ಸಣ್ಣದು, ಮೈಮೇಲೆ ನವಿರಾದ ಕೂದಲು. ಊರಿದರು. ಮೊಳಕೆ ಬಂತು, ಗಿಡ ಬಂತು. ಮೊಣಕಾಲೆತ್ತರ ಬಂದಿದ್ದೇ ತಡ ಸುಸ್ತಾಗಿ ಪಕ್ಕಕ್ಕೆ ವಾಲಿತು. ಜಡಿಯ ತನ್ನ ಊರುಗೋಲನ್ನೇ ಅದರ ಪಕ್ಕ ನೆಟ್ಟು, ಪಂಚೆಯ ಅಂಚು ಹರಿದು ಕಟ್ಟಿದ.

"ಇನ್ನು ಕೋಲು ನನಗ್ಯಾಕೆ? ನಿಂತ್ಕೋ ತಾಯಿ" ಅಂದ.

"ನಿಂತ್ಕೋತೀನಿ" ಅಂತು ಗಿಡ. ತುಂಬ ಒಳ್ಳೆಯ ಗಿಡ ಅದು. ದ್ಯಾವಕ್ಕ ಮಾತಾಡಿಸಿದರೆ ಮಾತಾಡುತ್ತಿತ್ತು. ಅವಳ ಹಿಮ್ಮಡಿ ಉರಿದರೆ ಎಲೆಯ ನೆರಳನ್ನು ಅತ್ತ ಹೊರಳಿಸುತ್ತಿತ್ತು.

ಒಂದು ದಿನ ಗಾಳಿ ತೇಕುತ್ತ ಬಂತು. ಅದರ ಮಡಿಲ ತುಂಬ ಪುಟ್ಟ ಪುಟ್ಟ ಕುಡಿಗಳು. ಬುಡ ಇಲ್ಲ, ಬೇರು ಇಲ್ಲ. ಲೋಕ ಹುಟ್ಟುವಾಗ ನೆಲದ ಹತ್ತಿರ ಬುಡಗಳು ಮುಗಿದುಹೋಗಿ, ಬರಿಗೈಲಿ ಉಳಿದುಕೊಂಡವು ಅವು.

"ಇವನ್ನ ಎಲ್ಲಾದ್ರೂ ಇಳಿಸಬೇಕಲ್ಲಪ್ಪ" ಅಂತು ಗಾಳಿ. "ಬದನೆ ಮುಳ್ಳು ತೋರಿಸ್ತು. ಮೆಣಸಿನಗಿಡ ಮುಖ ಸುಡೋ ಹಂಗೆ ಬೈತು. ಈರುಳ್ಳಿಯಂತೂ ಪದರದ ಮೇಲೆ ಪದರ ಎಳ್ಕೊಂಡು ಬಾಗಿಲು ಹಾಕ್ಕೊಂಡುಬಿಡ್ತು."

ಟೊಮ್ಯಾಟೊ ಗಿಡ ತನ್ನ ಎಲೆಯೊಂದನ್ನು ಮೇಲೆತ್ತಿತು. ಕಾಂಡಕ್ಕೂ ಎಲೆಗೂ ನಡುವೆ ಸಣ್ಣ ಸಂದು. "ಇಲ್ಲಿ ಬಾ, ಕಂಕುಳಲ್ಲಿ ಕೂತ್ಕೋ" ಅಂತು.

ಒಂದು ಕುಡಿ ಬಂದು ಕೂತಿತು. ಇನ್ನೊಂದು ಎಲೆ ಎತ್ತಿತು, ಇನ್ನೊಂದು ಕುಡಿ ಬಂದು ಕೂತಿತು. ಎಷ್ಟು ಎಲೆಯೋ ಅಷ್ಟು ಕಂಕುಳು, ಎಷ್ಟು ಕಂಕುಳೋ ಅಷ್ಟು ಕುಡಿ. ಯಾರಿಗೂ ಇಲ್ಲ ಅನ್ನಲಿಲ್ಲ.

ಜಡಿಯನಿಗೆ ಹಿಗ್ಗೋ ಹಿಗ್ಗು. ಗಿಡ ಪೊದೆಯಾಯಿತು, ಪೊದೆ ಗುಡಿಸಲಿನಷ್ಟಾಯಿತು. ಬದನೆಯವರು ದಾರಿಯಲ್ಲಿ ನಿಂತು ನೋಡಿದರು. "ಏನು ಜಡಿಯಪ್ಪ, ಕಾಡೇ ಬೆಳೆಸಿದ್ದೀಯಲ್ಲ. ಹುಲಿ ಗಿಲಿ ಸೇರ್ಕೊಂಡೀತು ನೋಡ್ಕೋ" ಅಂದರು.

"ಸೇರ್ಕೊಳ್ಳಲಿ. ನಿಮ್ಮ ಹಂಗೆ ಬಾಗಿಲಲ್ಲೇ ನಿಲ್ಲಿಸಲ್ಲ" ಅಂದ ಜಡಿಯ.

ದ್ಯಾವಕ್ಕ ನಗಲಿಲ್ಲ. ಅವಳು ದಿನವಿಡೀ ಗಿಡದ ಬುಡದಲ್ಲೇ ಕೂತಿರುವವಳು, ಎಲೆ ಸರಿಸಿ ಒಳಗೆ ನೋಡುತ್ತಿದ್ದಳು. ಹೂವಾಗಿತ್ತು, ಮಿಡಿಯೂ ಕಚ್ಚಿತ್ತು. ಆದರೆ ಮಿಡಿ ಬೆಳೆಯುತ್ತಿರಲಿಲ್ಲ. ಬೇರು ಕುಡಿದ ನೀರನ್ನೆಲ್ಲ ಕುಡಿಗಳು ಹೀರುತ್ತಿದ್ದವು. ಕಾಳಿನಷ್ಟು ಇದ್ದ ಹಸಿರು ಮಿಡಿ ಕಾಳಿನಷ್ಟೇ ಇತ್ತು.

ಹೊಳೆ ಬಂಡೆಗೆ ಒರಗಿಕೊಂಡು ಹೇಳಿತು, "ಮೇಲುಗಡೆ ಮೋಡ ಕಟ್ಟುತಾ ಇದೆ ದ್ಯಾವಕ್ಕ. ನನ್ನ ನೀರು ಕೆಂಪಾಗ್ತಿದೆ, ನೋಡಿದ್ಯಾ?"

ದ್ಯಾವಕ್ಕ ನೋಡಿದ್ದಳು. ಅಂಗಾಲ ಕೆಳಗೆ ನೆಲ ಒಂದು ಸಲ ಅಲುಗಿದ್ದೂ ಅವಳಿಗೆ ಗೊತ್ತಾಗಿತ್ತು.

ಅವಳು ಗಿಡವನ್ನು ಕೇಳಿದಳು, "ಅವನ್ನ ಕಳಿಸಿಬಿಡೇ. ಹಣ್ಣು ಬರದೆ ಇದ್ರೆ ನೆಲ ನಮ್ಮನ್ನ ಇಲ್ಲಿಂದ ಎಬ್ಬಿಸುತ್ತೆ."

"ಬಾ ಅಂತ ನಾನೇ ಕರೆದಿದ್ದು. ಹೋಗು ಅಂತ ಹೆಂಗೆ ಹೇಳಲಿ?" ಅಂತು ಗಿಡ. "ಹಾಗನ್ನೋಕೆ ನನಗೆ ಬರಲ್ಲ ದ್ಯಾವಕ್ಕ."

ತಮ್ಮನನ್ನು ಕೇಳಿದಳು, "ನೀನಾದ್ರೂ ಚಿವುಟೋ. ಎಳೇವಿದಾವೆ, ಉಗುರು ತಾಕಿಸಿದ್ರೆ ಬರ್ತವೆ."

ಜಡಿಯ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಎಷ್ಟು ಬಾಗಿಲಿಂದ ನಮ್ಮನ್ನ ಕಳಿಸಿದ್ರು ಅಕ್ಕ. ನನ್ನ ಕೈಲಿ ಆಗಲ್ಲ. ಮಳೆ ಇನ್ನೂ ದೂರ ಇದೆ, ಹಣ್ಣಾಗುತ್ತೆ ತಡಿ."

"ನಿನಗೆ ಕಾಲಿದಾವೆ, ನೀನು ತಡೀತೀಯ."

ಆ ಮಾತು ಬಾಯಿಂದ ಬಿದ್ದ ಮೇಲೆ ದ್ಯಾವಕ್ಕನಿಗೇ ಕಹಿಯಾಯಿತು. ಜಡಿಯ ಕೊಡ ಎತ್ತಿಕೊಂಡು ನೀರಿಗೆ ಹೋದ. ಅವತ್ತು ಹೊಳೆ ದೂರ ಸರಿದಿತ್ತು, ಅವನು ಬರುವುದು ತಡವಾಗುತ್ತಿತ್ತು.

ದ್ಯಾವಕ್ಕ ಮಂಡಿಯ ಮೇಲೆ ತೆವಳಿ ಗಿಡದ ಹತ್ತಿರ ಹೋದಳು. ಕೆಳಗಿನ ಎಲೆ ಎತ್ತಿದಳು. ಕಂಕುಳಲ್ಲಿ ಕೂತಿದ್ದ ಕುಡಿ ಅವಳನ್ನು ನೋಡಿತು.

"ನಾವೇನು ಮಾಡಿದ್ವಿ?" ಅಂತು.

ಸುಳ್ಳು ಹೇಳಬಹುದಿತ್ತು. ನೀನು ಕಳ್ಳ ಅನ್ನಬಹುದಿತ್ತು, ನೀನು ಹೊಟ್ಟೆಬಾಕ ಅನ್ನಬಹುದಿತ್ತು. ದ್ಯಾವಕ್ಕ ಹಾಗೆ ಹೇಳಲಿಲ್ಲ.

"ಏನೂ ಮಾಡಿಲ್ಲ ಕಂದ" ಅಂದಳು. "ಇಲ್ಲಿ ಜಾಗ ಇಲ್ಲ."

ಟಿಕ್ ಅಂತ ಚಿವುಟಿದಳು. ಇನ್ನೊಂದು ಎಲೆ ಎತ್ತಿದಳು. ಟಿಕ್ ಅಂತ ಚಿವುಟಿದಳು. ಕುಡಿಗಳು ಕೂಗಲಿಲ್ಲ, ಅಳಲಿಲ್ಲ. ಪ್ರತಿಯೊಂದೂ ಅವಳ ಬೆರಳಿಗೆ ಒಂದಿಷ್ಟು ಹಸಿರು ಅಂಟಿಸಿ ಕೆಳಗೆ ಬಿತ್ತು. ಹಸಿರಿನ ಮೇಲೆ ಹಸಿರು ಕೂತು ಅವಳ ಹೆಬ್ಬೆರಳು, ತೋರುಬೆರಳು ಕಪ್ಪಾದವು. ಘಾಟು ವಾಸನೆ ಬಂತು. ಗಿಡ ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಯಾವತ್ತೂ ಆಡಲಿಲ್ಲ.

ಜಡಿಯ ಬಂದ. ಒಂದೇ ಕಾಂಡವಾಗಿ ನಿಂತ ಗಿಡವನ್ನು ನೋಡಿದ. ನೆಲದ ಮೇಲೆ ಬಾಡುತ್ತಿದ್ದ ರಾಶಿಯನ್ನು ನೋಡಿದ. ಅಕ್ಕನ ಬೆರಳು ನೋಡಿದ.

ಬೈಯುತ್ತಾನೆ ಅಂತ ದ್ಯಾವಕ್ಕ ಕಾದಳು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಅವನು ಹೆಗಲ ಮೇಲಿನ ಬಟ್ಟೆಯನ್ನು ಕೊಡದಲ್ಲಿ ಅದ್ದಿ, ಕುಡಿಗಳನ್ನು ಒಂದೊಂದಾಗಿ ಆಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡ. ಅಷ್ಟೇ.

ಆಮೇಲೆ ಮಿಡಿ ಬೆಳೆಯತೊಡಗಿತು. ಕಾಳಿನಷ್ಟಿದ್ದದ್ದು ಗೋಲಿಯಷ್ಟಾಯಿತು, ಗೋಲಿಯಷ್ಟಿದ್ದದ್ದು ಮುಷ್ಟಿಯಷ್ಟಾಯಿತು. ಹಸಿರು ಬಿಳಿಚಿತು, ಬಿಳಿಚಿದ್ದು ಹಳದಿಯಾಯಿತು. ಅಕ್ಕ ಅಡುಗೆ ಮಾಡಿ ಇಡುತ್ತಿದ್ದಳು, ತಮ್ಮ ಉಣ್ಣುತ್ತಿದ್ದ. ಉಪ್ಪು ಹೆಚ್ಚಾದರೂ ಏನೂ ಅನ್ನುತ್ತಿರಲಿಲ್ಲ. ಮೊದಲಾದರೆ ಅವನು ಅಷ್ಟಕ್ಕೇ ಊರೆಲ್ಲ ಕೇಳುವ ಹಂಗೆ ಆಡಿಕೊಳ್ಳುತ್ತಿದ್ದ. ದ್ಯಾವಕ್ಕ ಒಂದು ಸಲ ಬೇಕೆಂದೇ ಉಪ್ಪು ಸುರಿದು ನೋಡಿದಳು. ಅವನು ಅದನ್ನೂ ಉಂಡು ಕೈ ತೊಳೆದ.

ಒಂದು ದಿನ ಮಾತ್ರ ಎದೆಯ ಗಂಟು ಬಿಚ್ಚಿ ತೋರಿಸಿದ. "ನೋಡಕ್ಕ."

ಚಿವುಟಿದ ಕಡೆಯಲ್ಲೆಲ್ಲ ಬಿಳಿ ಬಿಳಿ ಬೇರು. ಎದೆಯ ಹಸಿಯಲ್ಲಿ ಕುಡಿಗಳು ಬದುಕಿಕೊಂಡಿದ್ದವು.

ದ್ಯಾವಕ್ಕ ಮುಟ್ಟಲು ಕೈ ಚಾಚಿದಳು. ಅವಳ ಕಪ್ಪು ಬೆರಳು ಕಂಡು ಕುಡಿಗಳು ಮುದುಡಿಕೊಂಡವು. ಅವಳು ಕೈ ಎಳೆದುಕೊಂಡಳು.

ಹಣ್ಣು ಕೆಂಪಾದ ದಿನವೇ ಮೋಡ ಬೆಟ್ಟ ಇಳಿಯಿತು. ದ್ಯಾವಕ್ಕ ಹಣ್ಣು ಕಿತ್ತು, ಗುಣಿ ತೋಡಿ, ನೆಲದೊಳಗೆ ಇಟ್ಟು ಮುಚ್ಚಿದಳು.

ನೆಲ ಅದನ್ನು ನಿಧಾನವಾಗಿ ಸವಿಯಿತು. "ಹಣ್ಣೇ ಸರಿ" ಅಂತು. ದ್ಯಾವಕ್ಕನ ಅಂಗಾಲ ಕೆಳಗೆ ಅಲುಗುವುದು ನಿಂತಿತು. ಮಣ್ಣು ಮೇಲೆದ್ದು ಅವಳ ಒಡೆದ ಹಿಮ್ಮಡಿಯನ್ನು ತುಂಬಿ, ಗಟ್ಟಿಯಾಗಿ ಹಿಡಿದುಕೊಂಡಿತು. ಎಷ್ಟೋ ಕಾಲದ ಮೇಲೆ ಅವಳ ಕಾಲಿನ ನೋವು ನಿಂತಿತು.

"ನೀನೂ ಬಾರಪ್ಪ" ಅಂತು ನೆಲ ಜಡಿಯನಿಗೆ. "ನೀರು ಹೊತ್ತವನು ನೀನೇ ಅಲ್ವಾ. ಆದರೆ ಆ ಗಂಟು ಕೆಳಗಿಡು. ಇಲ್ಲಿರೋದು ಒಂದೇ ಬುಡದ ಸಾರ, ಮೊದಲೇ ಹೇಳಿದ್ದೀನಿ."

"ಕೆಳಗಿಟ್ರೆ ಇವು ಏನಾಗ್ತವೆ?"

"ಜಾರಿ ಹೊಳೆಗೆ ಹೋಗ್ತವೆ."

ಮೊದಲ ಹನಿ ಬಿತ್ತು.

"ಇಡೋ ಜಡಿಯ" ಅಂದಳು ದ್ಯಾವಕ್ಕ. "ನಿನ್ನ ದಮ್ಮಯ್ಯ, ಇಟ್ಟುಬಿಡೋ."

"ನನ್ನ ಹೊತ್ಕೊಂಡು ನಡೀತಿದ್ದಾಗ ನಿನಗೂ ಯಾರಾದ್ರೂ ಹಿಂಗೆ ಹೇಳಿದ್ರಾ?"

ಹೇಳಿದ್ದರು. ಮಗೂನ ಇಳಿಸಿ ನೀನೊಬ್ಬಳು ಬಾ ಅಂತ ಅವಳಿಗೆ ಹೇಳಿದವರು ಒಬ್ಬರಲ್ಲ. ಅದನ್ನು ಅವಳು ಯಾವತ್ತೂ ಅವನಿಗೆ ತಿಳಿಸಿರಲಿಲ್ಲ. ಈಗಲೂ ಬಾಯಿ ಬಿಡಲಿಲ್ಲ.

ಜಡಿಯನಿಗೆ ಅಷ್ಟೇ ಸಾಕಾಯಿತು. "ಕೋಪ ಇಲ್ಲ ಅಕ್ಕ" ಅಂದ. "ನೀನು ಚಿವುಟದೆ ಇದ್ದಿದ್ರೆ ನಾವಿಬ್ರೂ ನಡೀತಿದ್ವಿ. ಈಗ ಒಬ್ಬನೇ ನಡೀತೀನಿ."

ಅವನ ಕಾಲ ಕೆಳಗೆ ನೆಲ ಜಾರಿತು. ಅವನು ಗಂಟನ್ನು ಎದೆಗೊತ್ತಿಕೊಂಡು ಮಳೆಯೊಳಗೆ ನಡೆದ.

ದ್ಯಾವಕ್ಕ ಹಿಂದೆ ಓಡಬೇಕು ಅಂದುಕೊಂಡಳು. ಕಾಲು ಎತ್ತಿದಳು. ಕಾಲು ಬರಲಿಲ್ಲ. ನೆಲ ಹಿಡಿದುಕೊಂಡಿತ್ತು.

"ಬಿಡು, ಒಂದೇ ಗಳಿಗೆ ಬಿಡು" ಅಂದಳು.

"ಹಿಡ್ಕೋ ಅಂತ ನೀನೇ ಕೇಳಿದ್ದು" ಅಂತು ನೆಲ. ಅದಕ್ಕೂ ಬೇಜಾರಾಗಿತ್ತು. ಆದರೆ ಒಮ್ಮೆ ಹಿಡಿದದ್ದನ್ನು ಬಿಡುವುದು ಅದಕ್ಕೆ ಬರುತ್ತಿರಲಿಲ್ಲ.

ಮಳೆಯಲ್ಲಿ ಜಡಿಯನ ಬೆನ್ನು ಬೊಗಸೆಯಷ್ಟಾಯಿತು, ಬೊಗಸೆಯಷ್ಟಿದ್ದದ್ದು ಬೆರಳಿನಷ್ಟಾಯಿತು, ಆಮೇಲೆ ಮಳೆಯೊಂದೇ ಉಳಿಯಿತು. ದ್ಯಾವಕ್ಕ ಕೈಯನ್ನು ಮಳೆಗೆ ಒಡ್ಡಿ ಉಜ್ಜಿದಳು. ನೀರು ಹಸಿರಾಗಿ ಹರಿಯಿತು. ಬೆರಳು ಕಪ್ಪಾಗಿಯೇ ಇತ್ತು.

ಆಮೇಲೆ ಗಾಳಿ ಆಗಾಗ ಸುದ್ದಿ ತರುತ್ತಿತ್ತು. ಜಡಿಯ ಬಂಡೆ ಬಿರುಕಿನಲ್ಲಿ ಒಂದು ಕುಡಿ ನೆಟ್ಟನಂತೆ. ತಿಪ್ಪೆಯ ಅಂಚಿನಲ್ಲಿ ಇನ್ನೊಂದಂತೆ, ದಾರಿ ಬದಿಯಲ್ಲಿ ಮತ್ತೊಂದಂತೆ. ಎಲ್ಲೂ ನಿಲ್ಲಲಿಲ್ಲವಂತೆ. ಒಂದು ವರ್ಷ ಗಾಳಿ ಜಡಿಯನ ಸುದ್ದಿ ತರದೆ ಬಂದು ಕೂತಿತು. ಆ ದಿನ ದ್ಯಾವಕ್ಕ ಒಲೆ ಹಚ್ಚಲಿಲ್ಲ.

ಟೊಮ್ಯಾಟೊ ಗಿಡಕ್ಕೆ ಮಾತು ನಿಂತರೂ ಗುಣ ಬಿಡಲಿಲ್ಲ. ಪ್ರತಿ ವರ್ಷ ಅದು ಎಲೆ ಎತ್ತಿ ಕಂಕುಳು ತೋರಿಸುತ್ತಿತ್ತು, ಪ್ರತಿ ವರ್ಷ ಕುಡಿಗಳು ಬಂದು ಕೂರುತ್ತಿದ್ದವು, ಪ್ರತಿ ವರ್ಷ ದ್ಯಾವಕ್ಕ ಮಂಡಿಯೂರಿ ಒಂದೊಂದನ್ನೇ ಚಿವುಟುತ್ತಿದ್ದಳು. "ಏನೂ ಮಾಡಿಲ್ಲ ಕಂದ" ಅನ್ನುತ್ತಲೇ ಚಿವುಟುತ್ತಿದ್ದಳು. ಹಣ್ಣು ಮಾತ್ರ ಮುಷ್ಟಿ ತುಂಬ, ಕೆಂಪಗೆ ಬರುತ್ತಿತ್ತು.

ಇವತ್ತಿಗೂ ಚಿವುಟಿದಷ್ಟು ಸಲ ಟೊಮ್ಯಾಟೊ ಗಿಡದ ಕಂಕುಳಲ್ಲಿ ಕುಡಿ ಬರುತ್ತಲೇ ಇರುತ್ತದೆ, ಬದುವಿನ ಹಸಿಯಲ್ಲಿ ಎಸೆದ ಕುಡಿ ಬೇರು ಬಿಟ್ಟು ಮೆಲ್ಲಗೆ ತಲೆ ಎತ್ತುತ್ತದೆ, ಮತ್ತೆ ತೋಟದಿಂದ ಬಂದ ಅವ್ವ ಎಷ್ಟು ಸೋಪು ಹಾಕಿ ತೊಳೆದರೂ ನೀರು ಹಸಿರಾಗುತ್ತದೆಯೇ ಹೊರತು ಅವಳ ಬೆರಳಿನ ಕಪ್ಪು ಹೋಗುವುದಿಲ್ಲ.