ಹಗೇವಿಗೆ ಇಳಿಸಿದ ದೀಪ

“ಅಜ್ಜಾರ, ಆ ‘ಮುಂದ’ ಅನ್ನೂದು ಯಾವಾಗ ಬರತೈತ್ರಿ?”

ಕೇಳಿದವಳು ದಾನೇಶ್ವರಿ, ಹತ್ತನೆಯ ತರಗತಿಯ ಹುಡುಗಿ. ಶಾಲೆ ಬಿಟ್ಟ ಮೇಲೆ ಸಂಜೆ ಮಠಕ್ಕೆ ಬಂದು ಅಜ್ಜನವರ ಎದುರು ಕುಳಿತು ಪಾಠ ಕೇಳುವುದು ಅವಳ ರೂಢಿ. ಅಜ್ಜನವರೆಂದರೆ ಆ ಮಠದ ಹಿರಿಯ ಸ್ವಾಮಿಗಳು. ಊರೆಲ್ಲ ಅವರನ್ನು ಹಾಗೇ ಕರೆಯುತ್ತದೆ. ಅಂದು ಅವಳು ಪುಸ್ತಕ ತಂದಿರಲಿಲ್ಲ. ಕೂರಲೂ ಇಲ್ಲ. ಕಂಬ ಹಿಡಿದು ನಿಂತೇ ಕೇಳಿದಳು.

“ಯಾವ ಮುಂದ?” ಎಂದರು ಅಜ್ಜನವರು.

“ಎಲ್ಲಾರೂ ಹೇಳತಾರಲ್ರಿ, ಆ ಮುಂದ. ಈಗ ಕಲಿ, ಮುಂದ ಬೇಕಾಗತೈತಿ ಅಂತಾರ. ಒಂದನೇ ಕ್ಲಾಸಿನ್ಯಾಗ ಇದ್ದಾಗೂ ಹಂಗ ಅಂದ್ರು, ಇವತ್ತೂ ಹಂಗ ಅಂತಾರ. ಹಾಲು ಯಾಕ ಹೆಪ್ಪಾಗತೈತಿ ಅಂತ ಪರೀಕ್ಷಾದಾಗ ಬರದು ಪೂರಾ ಮಾರ್ಕ್ಸ್ ತಗೊಂಡೀನ್ರಿ. ಮನ್ಯಾಗ ನಾ ಹೆಪ್ಪ ಹಾಕಿದ್ರ ಹಾಲ ಕೆಡತೈತಿ. ಯಾಕ ಹಿಂಗ ಅಂತ ಸರ್‌ಗೆ ಕೇಳಿದ್ರ, ‘ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು’ ಅಂದ್ರು. ಎಲ್ಲಾ ಪುಸ್ತಕದ ಬದನೀಕಾಯಿ. ನಾ ಪರೀಕ್ಷಾಕ್ಕ ಕೂಡೂದಿಲ್ಲ. ನಾಳಿಯಿಂದ ಶಾಲಿಗೂ ಹೋಗೂದಿಲ್ಲ.”

ಇದೇ ಮಾತನ್ನು ಅವಳು ಬೆಳಿಗ್ಗೆ ಮನೆಯಲ್ಲಿ ಆಡಿದ್ದಳು. ಅವಳ ಅಪ್ಪ ಉಣ್ಣುತ್ತಿದ್ದ ತಾಟು ಸರಿಸಿ ಎದ್ದುಹೋಗಿದ್ದ. ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಪರೀಕ್ಷೆಗೆ ಒಂದು ವಾರ ಮಾತ್ರ ಉಳಿದಿತ್ತು. ಕೊನೆಗೆ ಅಪ್ಪ ಹೊಸ್ತಿಲಲ್ಲಿ ನಿಂತು, ಅಜ್ಜಾರು ಏನಂತಾರೋ ಹಾಗೆ ಮಾಡು ಎಂದಿದ್ದ. ಅವರು ಬಿಡು ಎಂದರೆ ಬಿಡಲಿ ಎಂಬ ಹಟಕ್ಕೆ ಅಪ್ಪ, ಮಗಳು ಇಬ್ಬರೂ ಬಂದು ನಿಂತಿದ್ದರು.

“ಕತಿ ಹೇಳತೀನಿ, ಕೂಡು,” ಎಂದರು ಅಜ್ಜನವರು.

“ಕತಿ ಬ್ಯಾಡ್ರಿ. ಶಾಲಿ ಬೇಕೋ ಬ್ಯಾಡೋ, ಹೌದು ಇಲ್ಲ ಅಷ್ಟ ಹೇಳ್ರಿ.”

“ಹೌದು ಇಲ್ಲ, ಬಿಟ್ಟ ಸ್ಥಳ ತುಂಬ್ರಿ! ಪರೀಕ್ಷಾ ಬ್ಯಾಡ ಅಂದಾಕಿ ನನಗ ಪರೀಕ್ಷಾ ಇಟ್ಟಿಯಲ್ಲ. ಕೂಡಬೇ ತಂಗಿ.”

ಅವಳು ಕುಳಿತಳು. ಆದರೆ ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವರಂತೆ ಕುಳಿತಳು. ಅಜ್ಜನವರು ಅದನ್ನು ನೋಡಿಯೂ ನೋಡದಂತೆ ಕತೆ ಹಿಡಿದರು. ಕತೆ ಹೇಳುವಾಗ ಅವರ ಮಾತು ಊರಿನ ಮಾತಾಗಿ ಉಳಿಯುತ್ತಿರಲಿಲ್ಲ. ಪುರಾಣ ಹೇಳುವವರಂತೆ ಗ್ರಂಥದ ಕನ್ನಡಕ್ಕೆ ತಿರುಗುತ್ತಿತ್ತು.

ಒಬ್ಬ ರೈತನಿದ್ದ. ಅವನ ಮನೆಯ ಮುಂದೆ ಒಂದು ಹಗೇವು ಇತ್ತು. ನಿಮ್ಮ ಕಾಲದವರು ಹಗೇವು ನೋಡಿರಲಿಕ್ಕಿಲ್ಲ. ಅದು ನೆಲದೊಳಗೆ ತೋಡಿದ ಕಾಳಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಸುಗ್ಗಿಯಲ್ಲಿ ಅದಕ್ಕೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಬೇಕಾದಾಗ ತೆಗೆದು, ಹಗ್ಗ ಹಿಡಿದು ಒಳಗಿಳಿದು, ಬುಟ್ಟಿಯಲ್ಲಿ ಕಾಳು ತುಂಬಿ ಮೇಲೆ ಕಳಿಸುತ್ತಿದ್ದರು.

ಹಗೇವು ತೆಗೆಯುವುದಕ್ಕೆ ಒಂದು ಕಟ್ಟಳೆ ಇತ್ತು. ‘ಬಾಯಿ ತೆಗಿ, ಬಯಲಿಗೆ ಬಿಡು. ದೀಪ ಇಳಿಸು. ದೀಪ ಇದ್ದರ ಇಳಿ, ಆರಿದರ ನಿಲ್ಲು.’ ರೈತನಿಗೆ ಅವನ ಅಪ್ಪ ಹೇಳಿದ್ದ. ರೈತ ತನ್ನ ಮಗನಿಗೆ ಮಾತು ಬಂದಾಗಿನಿಂದ ಹೇಳಿಕೊಟ್ಟ. ಊಟಕ್ಕೆ ಕೂರುವ ಮೊದಲು ಹೇಳಿಸುತ್ತಿದ್ದ. ನೆಂಟರು ಬಂದರೆ ಕರೆದು ನಿಲ್ಲಿಸಿ ಹೇಳಿಸುತ್ತಿದ್ದ. ಹುಡುಗ ಕೈಕಟ್ಟಿ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ನೆಂಟರು ಭೇಷ್ ಅನ್ನುತ್ತಿದ್ದರು. ಹುಡುಗನ ಕೈಗೆ ಬೆಲ್ಲ ಬೀಳುತ್ತಿತ್ತು. ರೈತ ಮೀಸೆಯ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದ.

ಆದರೆ ಹಗೇವು ತೆಗೆಯುವ ದಿನ ಮಗನನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಇದ್ದವನೊಬ್ಬ ಮಗ. ಅಪ್ಪನಿಗೆ ಭಯ. ‘ಅದೆಲ್ಲ ನಿನಗ ಮುಂದ’ ಎಂದು ಗದರಿಸಿ ಒಳಗೆ ಕಳಿಸುತ್ತಿದ್ದ. ಹೀಗಾಗಿ ಹುಡುಗ ಮೀಸೆ ಮೂಡುವವರೆಗೆ ಕಟ್ಟಳೆಯನ್ನು ಬಾಯಲ್ಲಿ ಇಟ್ಟುಕೊಂಡು ಬೆಳೆದ. ಹಗೇವಿನ ಬಾಯನ್ನು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಒಂದು ದಿನ ಅವನು ಕೇಳಿದ.

“ಅಪ್ಪಾ, ದೀಪ ಯಾಕ ಇಳಿಸಬೇಕು?”

“ಕಲಿಸಿದಷ್ಟು ಕಲಿ. ಯಾಕ ಗೀಕ ಅನಬ್ಯಾಡ.”

ಕೆಲವು ದಿನ ಬಿಟ್ಟು ಮತ್ತೆ ಕೇಳಿದ. ಅಪ್ಪ ಗೂಟಕ್ಕೆ ಸಿಕ್ಕಿಸಿದ್ದ ಬಾರುಕೋಲಿನ ಕಡೆ ನೋಡಿದ. ಹುಡುಗ ಕೇಳುವುದನ್ನು ಬಿಟ್ಟ.

ಕೇಳುವುದು ಬಿಟ್ಟನೇ ಹೊರತು ಯೋಚಿಸುವುದು ಬಿಡಲಿಲ್ಲ. ಚುರುಕು ಹುಡುಗ. ತಾನೇ ಕೂತು ಲೆಕ್ಕ ಹಾಕಿದ. ನೆಲದೊಳಗೆ ಕತ್ತಲೆ. ಕತ್ತಲೆಗೆ ದೀಪ ಬೇಕು. ದೀಪ ಆರಿದರೆ ಕಣ್ಣು ಕಾಣುವುದಿಲ್ಲ, ಕಾಲು ಜಾರುತ್ತದೆ, ಕಾಳಿನಲ್ಲಿ ಹಾವಿದ್ದರೂ ತಿಳಿಯುವುದಿಲ್ಲ. ಅದಕ್ಕೇ ನಿಲ್ಲು ಅಂದಿದ್ದಾರೆ. ಕಾರಣ ಸಿಕ್ಕಿತು ಎಂದು ಅವನಿಗೆ ಬಹಳ ಸಂತೋಷವಾಯಿತು. ಅದನ್ನು ಯಾರ ಮುಂದೆಯೂ ಹೇಳಿ ನೋಡಲಿಲ್ಲ.

“ಮತ್ತ? ಅದ ಇರಬೇಕಲ್ರಿ,” ಎಂದಳು ದಾನೇಶ್ವರಿ. “ಸರಿಯಾಗೇ ಯೋಚನಿ ಮಾಡ್ಯಾನ.”

ಅಜ್ಜನವರು ಅವಳನ್ನು ಒಮ್ಮೆ ನೋಡಿದರು. ಕತೆ ಮುಂದುವರಿಸಿದರು.

ರೈತ ಸಂತೆಗೆ ಹೋದ ಒಂದು ದಿನ, ಅವನ ಹೆಂಡತಿಯ ತವರಿನವರು ಗಾಡಿ ಕಟ್ಟಿಕೊಂಡು ಹೇಳದೆ ಕೇಳದೆ ಬಂದಿಳಿದರು. ಮನೆಯಲ್ಲಿ ಜೋಳ ತಳ ಕಂಡಿತ್ತು. ತವರಿನವರ ಮುಂದೆ ಮಾನ ಹೋಗುತ್ತದಲ್ಲ ಎಂದು ತಾಯಿ ಅಡುಗೆಮನೆಯಲ್ಲಿ ಕೈ ಕೈ ಹಿಸುಕಿಕೊಂಡಳು. ಮಗ ಬಂದು, ಹಗೇವು ತಾನು ತೆಗೆಯುತ್ತೇನೆ ಎಂದ. ನಿಮ್ಮಪ್ಪ ಬರಲಿ ತಡಿ ಎಂದಳು. ಅವನು ನಕ್ಕು, ಕೈಕಟ್ಟಿ ನಿಂತು, ಕಟ್ಟಳೆಯನ್ನು ಒಂದಕ್ಷರ ತಪ್ಪದಂತೆ ಒಪ್ಪಿಸಿದ. ಪಡಸಾಲೆಯಲ್ಲಿದ್ದ ಸೋದರಮಾವ ಅಲ್ಲಿಂದಲೇ ಭೇಷ್ ಎಂದ. ತಾಯಿಗೆ ಧೈರ್ಯ ಬಂತು. ಇಷ್ಟು ತಿಳಿದವನಿಗೆ ಇನ್ನೇನು ಹೇಳುವುದೆಂದು ಒಲೆಯ ಮುಂದೆ ಹೋಗಿ ಕುಳಿತಳು.

ದಾನೇಶ್ವರೀ, ಅಪ್ಪ ಹೇಳುತ್ತಿದ್ದ ‘ಮುಂದ’ ಬಂದದ್ದು ಹೀಗೆ. ಹೊತ್ತು ಗೊತ್ತು ನೋಡಿ ಬರಲಿಲ್ಲ.

ಮನೆಯಲ್ಲಿ ಒಬ್ಬ ಆಳು ಇದ್ದ. ಹಗೇವು ಇಲ್ಲದ ಸೀಮೆಯಿಂದ ಹೊಸದಾಗಿ ಬಂದವನು. ಅವನೂ ಹುಡುಗನೂ ಸೇರಿ ಮಣ್ಣು ಕೆದರಿ ಕಲ್ಲು ಸರಿಸಿದರು. ಒಳಗಿನಿಂದ ಬಿಸಿ ಬಂದು ಮುಖಕ್ಕೆ ಬಡಿಯಿತು. ನೆಂಟರು ಹಸಿದಿದ್ದರು. ಬಯಲಿಗೆ ಬಿಡು ಎಂದರೆ ಎಷ್ಟು ಹೊತ್ತು ಬಾಯಿ ತೆರೆದು ಬಿಡಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ. ಹುಡುಗ ಎರಡು ಮಾತಾಡುವಷ್ಟು ಹೊತ್ತು ನಿಂತ. ಆಮೇಲೆ ದೀಪಕ್ಕೆ ಹಗ್ಗ ಕಟ್ಟಿ ಇಳಿಸಿದ. ದೀಪ ಆರಿತು.

ಮೇಲೆಳೆದು, ಬತ್ತಿ ಹೊಸೆದು, ಮತ್ತೆ ಹಚ್ಚಿ ಇಳಿಸಿದ. ಮತ್ತೆ ಆರಿತು.

“ಕಟ್ಟಳಿಯೊಳಗ ನಿಲ್ಲು ಅಂತ ಐತೆಲ್ಲ ತಮ್ಮಾ?” ಎಂದ ಆಳು.

“ಅದು ಕತ್ತಲಿದ್ದಾಗ, ಕಾಕಾ. ಈಗ ನೋಡು, ನಡು ಮಧ್ಯಾಹ್ನ. ಬಿಸಲು ನೆಟ್ಟಗ ಒಳಗ ಬಿದ್ದೈತಿ. ಕಾಳ ಎಣಿಸಬೇಕು, ಹಂಗ ಕಾಣಸ್ತಾವ. ದೀಪ ಯಾಕ ಬೇಕು?”

ಆಳಿಗೂ ಹೌದೆನಿಸಿತು. ಹುಡುಗ ದಡ್ಡನಲ್ಲ. ದಡ್ಡನಾಗಿದ್ದರೆ ಹೇಳಿದಷ್ಟು ಮಾಡಿ ಬದುಕಿಕೊಳ್ಳುತ್ತಿದ್ದ. ಅವನು ಆರಿದ ದೀಪವನ್ನು ಹಗೇವಿನ ದಂಡೆಗೆ ಇಟ್ಟ. ಹಗ್ಗವನ್ನು ಗೂಟಕ್ಕೆ ಬಿಗಿದು, ಹಿಡಿದುಕೊಂಡು ಇಳಿದ.

ಆಳು ಬುಟ್ಟಿ ಇಳಿಬಿಟ್ಟು ಕಾದ. ಬುಟ್ಟಿ ಭಾರವಾಗಲಿಲ್ಲ. ತಮ್ಮಾ ಎಂದು ಕರೆದ. ಹುಡುಗ ಹಿಡಿದು ಇಳಿದ ಹಗ್ಗ ಅಲುಗುತ್ತಿರಲಿಲ್ಲ. ಬಗ್ಗಿ ನೋಡಿದ. ಹುಡುಗ ಹಗೇವಿನ ಹೊಟ್ಟೆಯ ಮೂಲೆಗೆ ಬಿದ್ದಿದ್ದ. ಒಂದು ಕಾಲು ಮಾತ್ರ ಬಿಸಿಲಿನಲ್ಲಿ ಕಾಣುತ್ತಿತ್ತು. ಆಳು ಬೊಬ್ಬೆ ಹಾಕಿ, ಹಗ್ಗ ಹಿಡಿದು ತಾನೂ ಇಳಿಯಲು ಕಾಲು ಬಿಟ್ಟ.

ಅದೇ ಹೊತ್ತಿಗೆ ರೈತ ಸಂತೆಯಿಂದ ಬಂದ. ತೆರೆದ ಹಗೇವು, ದಂಡೆಯ ಮೇಲೆ ಆರಿದ ದೀಪ, ಇಳಿಯುತ್ತಿರುವ ಆಳು. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಓಡಿ ಬಂದು ಆಳಿನ ರಟ್ಟೆ ಹಿಡಿದು ಮೇಲಕ್ಕೆ ಎಳೆದು ಒಗೆದ. ದೀಪ ಹಚ್ಚಿ ಇಳಿಸಿದ. ಆರಿತು.

ರೈತ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸಿದ, ಎಳೆದ, ಇಳಿಸಿದ, ಎಳೆದ. ಒಳಗಿನ ಗಾಳಿ ಕಲಕಿ ಹೊರಬೀಳಲೆಂದು. ಅದಕ್ಕೇ ನೆಂಟರು ಕೊಡ ಕೊಡ ನೀರು ತಂದು ಒಳಗೆ ಸುರಿದರು. ದೀಪ ಇಳಿಸಿದ. ಆರಿತು. ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಗಂಡನ ಅಂಗಿ ಹಿಡಿದಳು.

“ಇಳೀರಿ! ಮಗಾ ಅಲ್ಲಿ ಬಿದ್ದಾನ, ನೀವ ದೀಪ ನೋಡಿಕೋತ ನಿಂತೀರಲ್ಲ! ಇಷ್ಟು ಬೆಳಕೈತಿ, ದೀಪ ಆರಿದ್ರ ಏನಾತು?”

ರೈತ ಆಗ ಕೂಗಿದ. ಹೆಂಡತಿಗೆ, ಆಳಿಗೆ, ನೆರೆದ ಊರಿಗೆ ಕೇಳುವಂತೆ ಕೂಗಿದ.

“ದೀಪ ಬೆಳಕಿಗಲ್ಲ! ಉಸರಿಗೆ! ಒಳಗ ಕೆಟ್ಟ ಗಾಳಿ ಕುಂತಿರತೈತಿ. ದೀಪ ಬದುಕಲಾರದ ಜಾಗಾದಾಗ ಮನಶಾನೂ ಬದುಕೂದಿಲ್ಲ!”

ಅಷ್ಟು ವರ್ಷ ಅವನ ಎದೆಯೊಳಗೆ ಇದ್ದ ಮಾತು ಅದು. ಹೇಳಲು ಒಂದು ಗಳಿಗೆ ಸಾಕಾಯಿತು. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೇಳಬೇಕೆಂದು ಎರಡು ಸಲ ಅವನ ಮುಂದೆ ಬಂದು ನಿಂತಿದ್ದವನಿಗೆ ಮಾತ್ರ ಕೇಳಿಸಲಿಲ್ಲ.

ಕಂಬಳಿ ಇಳಿಯುತ್ತಲೇ ಇತ್ತು, ಏರುತ್ತಲೇ ಇತ್ತು. ರೈತನ ಅಂಗೈ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತು. ಬಿಸಿಲು ಆ ಕಾಲಿನ ಮೇಲಿಂದ ಸರಿದು ಹೋಯಿತು. ಕೊನೆಗೊಮ್ಮೆ ಇಳಿಸಿದ ದೀಪ ನಿಂತಿತು. ಸಣ್ಣಗೆ ಅಲುಗಾಡಿತು, ಆದರೆ ನಿಂತಿತು. ರೈತ ಇಳಿದ. ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿದ. ಅಂಗಳದಲ್ಲಿ ಮಲಗಿಸಿದರು. ಎದೆ ಒತ್ತಿದರು, ಮುಖಕ್ಕೆ ನೀರು ಹೊಡೆದರು, ಹೆಸರು ಹಿಡಿದು ಕರೆದರು. ಹುಡುಗ ಏಳಲಿಲ್ಲ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು.

ಅದ ಇರಬೇಕಲ್ರಿ ಎಂದು ತಾನೇ ಅಂದದ್ದು ದಾನೇಶ್ವರಿಗೆ ನೆನಪಾಯಿತು. ಆ ಅಂಗಳದಲ್ಲಿ ತಾನಿದ್ದಿದ್ದರೆ ತಾನೂ ಇಳಿಯುತ್ತಿದ್ದೆ ಎಂದು ತಿಳಿದು ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ಸಿಟ್ಟು ಬಂತು. ಎದ್ದು ನಿಂತಳು.

“ಅಪ್ಪಂದ ತಪ್ಪು ರೀ! ಹುಡುಗ ಕೇಳಿದ್ನಲ್ರಿ, ಎರಡ ಸಲ ಕೇಳಿದ್ನಲ್ಲ! ಒಂದ ಮಾತು ಹೇಳಾಕ ಏನಾಗಿತ್ತು ಅಂವಗ? ನಮ್ಮ ಸರ್ ಹಿಂಗ. ಮನ್ಯಾಗ ಅಪ್ಪನೂ ಹಿಂಗ. ಕೇಳಿದ್ರ ಯಾರೂ ಹೇಳೂದಿಲ್ಲ. ಅದಕ್ಕ ನಾನೂ ಕೇಳೂದ ಬಿಟ್ಟೀನ್ರಿ. ತಪ್ಪು ಅವರದು, ನಂದಲ್ಲ!”

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಜ್ಜನವರು ಅವಳ ಉಸಿರು ಹದಕ್ಕೆ ಬರುವವರೆಗೆ ಕಾದರು.

“ತಪ್ಪು ಅವರದ, ಖರೆ ಐತಿ ತಂಗಿ. ಆದ್ರ ಬಿದ್ದ ಹೆಣ ಯಾರದು?”

ದಾನೇಶ್ವರಿ ಕಣ್ಣೊರೆಸಿಕೊಂಡು, “ನಾಳಿ ಶಾಲಿಗೆ ಹೋಗಿ ಸರ್‌ಗೆ ಮತ್ತ ಕೇಳತೀನ್ರಿ,” ಎಂದಳು.