ಬೆನ್ನು ಹಾಕಿದ ಗಿಳಿ

"ಎಲ್ಲರನ್ನೂ ಒಂದೇ ಸಮ ಕಂಡ ಮನೆಯೂ ಒಡೆಯುತ್ತದೆಯೇ, ಬುದ್ಧಿ?" ಎಂದು ಸರ್ವಮಂಗಳಮ್ಮ ಮಠದ ಗುರುಗಳನ್ನು ಕೇಳಿದರು.

ಅವರ ಮನೆತನ ಎಂಥದ್ದೆಂದು ಗುರುಗಳಿಗೆ ಗೊತ್ತಿತ್ತು. ಆದರೂ ಸರ್ವಮಂಗಳಮ್ಮ ಮೊದಲಿನಿಂದ ಹೇಳಿದರು. ಅವರ ಮಾವನವರ ಅಜ್ಜನ ಕಾಲದಿಂದ ಮಠದ ದಾಸೋಹಕ್ಕೆ ಅಕ್ಕಿ ಬರುವುದು ಆ ಮನೆಯಿಂದ. ಆ ಮನೆಯವರು ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಊರಿನಲ್ಲಿ ಅಣ್ಣತಮ್ಮಂದಿರು ಜಗಳವಾಡಿಕೊಂಡರೆ ನ್ಯಾಯ ಹೇಳಲು ಕರೆಯುವುದು ಆ ಮನೆಯ ಹಿರಿಯರನ್ನೇ. ಅಂಥ ಮನೆಯ ಕಿರಿಯ ಸೊಸೆ ಈಗ ತವರಿಗೆ ಹೋಗಿ ಕುಳಿತಿದ್ದಾಳೆ. ಮಗ ಊಟಕ್ಕೆ ಕುಳಿತರೆ ತಲೆ ಎತ್ತುವುದಿಲ್ಲ. ಅವಳು ಹಿಂದಿರುಗದಿದ್ದರೆ ಅವನೂ ಮನೆ ಬಿಡುವವನೇ.

"ನಾನು ಭೇದ ಮಾಡಿದವಳಲ್ಲ, ಬುದ್ಧಿ. ಹಬ್ಬಕ್ಕೆ ಹಿರಿಯವಳಿಗೆ ಯಾವ ಸೀರೆಯೋ ಕಿರಿಯವಳಿಗೂ ಅದೇ ಸೀರೆ. ಬೆಳಿಗ್ಗೆ ಹಿರಿಯವಳು ಮಿಂದು, ಪೂಜೆಗೆ ಅಣಿ ಮಾಡಿ, ಎಲ್ಲರಿಗೂ ತಿಂಡಿ ಬಡಿಸುತ್ತಾಳೆ. ಕಿರಿಯವಳೂ ಹಾಗೆಯೇ ಮಾಡಬೇಕು ಎಂದೆ. ಹಿರಿಯವಳು ನಗುನಗುತ್ತಾ ಮಾಡುತ್ತಾಳೆ. ಇವಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದವಳು ಮುಖ ಗಂಟಿಕ್ಕಿಕೊಂಡೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ಮೊನ್ನೆ ನೆಂಟರು ಬಂದಿದ್ದಾಗ ಬಡಿಸುತ್ತಾ ಬಡಿಸುತ್ತಾ ತೂಕಡಿಸಿ, ಸಾರಿನ ಪಾತ್ರೆಯನ್ನು ಎಲೆಯ ಮೇಲೆಯೇ ಬೀಳಿಸಿದಳು. 'ನಿಮ್ಮಮ್ಮ ನಿನಗೆ ಕಲಿಸಿದ್ದು ಇದನ್ನೇ ಏನು?' ಎಂದೆ. ಅದೊಂದೇ ಮಾತು. ಸಂಜೆಗೆ ಬ್ಯಾಗು ಹಿಡಿದು ಹೊರಟಳು. ನಾನು ಎಲ್ಲಿ ತಪ್ಪಿದೆ ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ."

ಗುರುಗಳು ಅವರಿಗೆ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನ ಬಳಿ ತೇಗದ ಹಳೆಯ ಮೇಜುಗಾಲು ಒಂದಿತ್ತು. ಅದರ ಮುಂಬದಿಯಲ್ಲಿ ಒಂದು ಗಿಳಿಯ ಕೆತ್ತನೆ. ಗಿಳಿ ಬಲಕ್ಕೆ ನೋಡುತ್ತಿತ್ತು. ಅಂಥವೇ ನಾಲ್ಕು ಕಾಲುಗಳ ಮೇಲೆ ಊಟದ ಮೇಜು ಮಾಡಿಸಬೇಕೆಂದು ವರ್ತಕನಿಗೆ ಆಸೆಯಾಯಿತು. ಕೈಯಲ್ಲಿ ಕೆತ್ತುವವರ ಕೆಲಸ ನೋಡಿದ. ಒಂದು ಗಿಳಿಗೆ ಕೊಕ್ಕು ಗಿಡ್ಡ, ಇನ್ನೊಂದಕ್ಕೆ ಬಾಲ ಉದ್ದ. ಅದು ಅವನ ಮನಸ್ಸಿಗೆ ಬರಲಿಲ್ಲ.

ಅದೇ ಪೇಟೆಯಲ್ಲಿ ಒಬ್ಬ ಬಡಗಿ ಸಿಎನ್‌ಸಿ ಯಂತ್ರ ತಂದಿರಿಸಿದ್ದ. ಆ ಯಂತ್ರ ಮರದ ತುಂಡನ್ನು ಎರಡು ತುದಿಯಲ್ಲಿ ಕಚ್ಚಿ ಹಿಡಿದು ನಿಧಾನವಾಗಿ ತಿರುಗಿಸುತ್ತದೆ. ಮೇಲಿನಿಂದ ಒಂದು ಮೊನೆ ಗಿರಗಿರನೆ ಸುತ್ತುತ್ತಾ ಇಳಿದು, ಕಂಪ್ಯೂಟರಿನಲ್ಲಿರುವ ಚಿತ್ರದಂತೆ ಕೊರೆಯುತ್ತದೆ. ವರ್ತಕ ಹಳೆಯ ಕಾಲನ್ನು ಅವನ ಮುಂದಿಟ್ಟ.

"ನಾಲ್ಕೂ ಹೀಗೆಯೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ನಾನು ಮುಟ್ಟುವುದಿಲ್ಲ."

"ಸಾಹುಕಾರರೇ, ವ್ಯತ್ಯಾಸ ಮಾಡುವುದಕ್ಕೆ ಇದೇನು ನನ್ನ ಭಾವಮೈದುನನೇ?" ಎಂದು ಬಡಗಿ ಯಂತ್ರದ ಬೆನ್ನು ತಟ್ಟಿದ. "ಒಂದು ಸಲ ಹೇಳಿಕೊಟ್ಟರೆ ಮುಗಿಯಿತು, ಅದನ್ನೇ ಕೊರೆಯುತ್ತಾ ಇರುತ್ತದೆ."

ನಾಲ್ಕು ಕಾಲುಗಳು ಬಂದವು. ವರ್ತಕ ಒಂದೊಂದನ್ನೂ ಹಳೆಯ ಕಾಲಿನ ಪಕ್ಕದಲ್ಲಿಟ್ಟು ನೋಡಿದ. ಕೊಕ್ಕಿಗೆ ಕೊಕ್ಕು, ರೆಕ್ಕೆಗೆ ರೆಕ್ಕೆ ಸರಿಯಾಗಿತ್ತು. ಅವನಿಗೆ ತುಂಬ ಸಂತೋಷವಾಯಿತು. ಮೇಜು ಕೂಡಿಸಿ ನಡುಮನೆಯಲ್ಲಿ ನಿಲ್ಲಿಸಿದರು. ಅವನ ಹೆಂಡತಿ ಎದುರಿಗೆ ನಿಂತು ನೋಡಿದಳು.

"ಏನ್ರೀ ಇದು? ಎಡಗಡೆಯ ಗಿಳಿ ಬಲಗಡೆಯದರ ಕಡೆ ನೋಡುತ್ತಿದೆ. ಬಲಗಡೆಯದು ಅದಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತಿದೆ. ಎರಡಕ್ಕೂ ಮಾತುಕತೆ ಇಲ್ಲವೇ?"

ವರ್ತಕ ಮೇಜಿನ ಆಚೆ ಬದಿಗೆ ಹೋಗಿ ನೋಡಿದ. ಅಲ್ಲಿಯೂ ಅದೇ ಕತೆ. ಬಡಗಿಗೆ ಹೇಳಿಕಳುಹಿಸಿದ. ಬಡಗಿ ಬಂದು ಬಲಗಾಲನ್ನು ಬಿಚ್ಚಿ, ಹಳೆಯ ಕಾಲಿನ ಪಕ್ಕದಲ್ಲಿಟ್ಟು ಅಳೆದ. ಅಳತೆ ಸರಿಯಾಗಿತ್ತು. ಕಾಲನ್ನು ಸುತ್ತ ತಿರುಗಿಸಿ ನೋಡಿದ. ಗಿಳಿ ಪಕ್ಕಕ್ಕೆ ಹೋಯಿತೇ ಹೊರತು ಅದರ ಮುಖ ತಿರುಗಲಿಲ್ಲ. ಇಬ್ಬರೂ ನೆಲದ ಮೇಲೆ ಕುಳಿತು ನಾಲ್ಕು ಕಾಲುಗಳನ್ನೂ ಮತ್ತೆ ಅಳೆದರು. ತಪ್ಪು ಯಾವ ಕಾಲಿನಲ್ಲೂ ಇರಲಿಲ್ಲ. ಮೇಜು ಮಾತ್ರ ತಪ್ಪಾಗಿತ್ತು.

"ಎಡಗಾಲು ಒಳ್ಳೆಯದು. ಬಲಗಾಲಿನಲ್ಲಿಯೇ ಏನೋ ಇದೆ. ಎರಡನ್ನೂ ಅದಲುಬದಲು ಮಾಡು" ಎಂದ ವರ್ತಕ.

ಬಡಗಿ ಹಾಗೆಯೇ ಮಾಡಿದ. ಈಗ ಬೆನ್ನು ಹಾಕಿದ್ದ ಗಿಳಿ ಎಡಕ್ಕೆ ಬಂದು, ಒಳ್ಳೆಯ ಗಿಳಿಯಂತೆ ಒಳಗೆ ನೋಡತೊಡಗಿತು. ಅಲ್ಲಿಯವರೆಗೆ ಒಳ್ಳೆಯದಾಗಿದ್ದ ಗಿಳಿ ಬಲಕ್ಕೆ ಹೋಗಿ ಬೆನ್ನು ಹಾಕಿತು. ವರ್ತಕನ ತಲೆ ಕೆಟ್ಟಿತು. ಮತ್ತೆ ಬದಲಿಸಿದರು. ಆ ವೇಳೆಗೆ ಮೊದಲು ತಪ್ಪು ಮಾಡಿದ ಕಾಲು ಯಾವುದೆಂಬುದೇ ಇಬ್ಬರಿಗೂ ಮರೆತುಹೋಗಿತ್ತು. ಗುರುತು ಹಿಡಿಯೋಣವೆಂದರೆ ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವೂ ಇರಲಿಲ್ಲ.

ಕೊನೆಗೆ ವರ್ತಕನಿಗೆ ಸಿಟ್ಟು ಬಂತು. ಆ ಹೊತ್ತಿಗೆ ಬಲಮೂಲೆಯಲ್ಲಿ ಯಾವ ಕಾಲಿತ್ತೋ ಅದನ್ನು ಬಿಚ್ಚಿಸಿ ಬಚ್ಚಲೊಲೆಗೆ ಹಾಕಿಸಿದ. ಮನೆಗೆ ಹೊಂದದ ಕಾಲು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸರ್ವಮಂಗಳಮ್ಮನಿಗೆ ತಡೆಯಲಾಗಲಿಲ್ಲ. ಸೀರೆಯ ಸೆರಗನ್ನು ಸರಿಯಾಗಿ ಹೊದ್ದು ನೆಟ್ಟಗೆ ಕುಳಿತರು.

"ಇದೆಂಥ ನ್ಯಾಯ, ಬುದ್ಧಿ? ಆ ಕಾಲು ಅವನು ಹೇಳಿದಂತೆಯೇ ಇತ್ತಲ್ಲ! ಎದುರುಬದುರು ನಿಲ್ಲುವ ಗಿಳಿಗಳಲ್ಲಿ ಒಂದು ಬಲಕ್ಕೆ ನೋಡಿದರೆ ಇನ್ನೊಂದು ಎಡಕ್ಕೆ ನೋಡಬೇಡವೇ? ಎಲ್ಲವೂ ಒಂದೇ ಥರ ಇರಲಿ ಎಂದು ಹಟ ಹಿಡಿದವನು ಅವನು. ಅದು ನಿಲ್ಲಬೇಕಾದ ಜಾಗ ಯಾವುದೆಂದು ನೋಡಲಿಲ್ಲ. ಆ ಮೂಲೆಯಲ್ಲಿ ಯಾವ ಕಾಲನ್ನು ನಿಲ್ಲಿಸಿದ್ದರೂ ಅದೇ ಗತಿಯಾಗುತ್ತಿತ್ತು. ನಮ್ಮ ಹಿರಿಯರು ಪಂಚಾಯಿತಿಗೆ ಕುಳಿತಿದ್ದರೆ ಆ ವರ್ತಕನನ್ನು ಹಾಗೆಯೇ ಎದ್ದು ಹೋಗಲು ಬಿಡುತ್ತಿರಲಿಲ್ಲ."

ಗುರುಗಳು ಹೇಳಿದರು:

"ಬೀಗರ ಮನೆಗೆ ಹೋಗಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಆ ಮಗಳ ಕ್ಷಮೆ ಕೇಳಿ, ತಾಯಿ."