ಕ್ಯಾಮೆರಾದ ಮೇಲಿನ ಬಟ್ಟೆ

ಹೊಳೆಯ ದಂಡೆಯ ಆಶ್ರಮದ ಮಾಳಿಗೆಯ ಮೇಲೆ ಒಂದು ಕ್ಯಾಮೆರಾ ಇತ್ತು. ಕಳ್ಳರನ್ನು ಕಾಯಲು ಅಂಗಡಿಗಳಲ್ಲಿ ಹಾಕುತ್ತಾರಲ್ಲ, ಅಂಥ ಅಗ್ಗದ್ದು. ಇದರ ಮುಖ ಮಾತ್ರ ಆಕಾಶಕ್ಕಿತ್ತು.

ರಾತ್ರಿ ಅದು ಹಿಡಿದಿಟ್ಟದ್ದನ್ನು ಶಿಷ್ಯ ಪರಶಿವ ಬೆಳಿಗ್ಗೆ ನೋಡುತ್ತಿದ್ದ. ಯಾವ ಹೊತ್ತಿಗೆ ಉಲ್ಕೆ ಬಿತ್ತೆಂದು ಪುಸ್ತಕದಲ್ಲಿ ಬರೆಯುತ್ತಿದ್ದ.

ಹೊಳೆಯ ಗುಂಟ ಅರವತ್ತು ಮೈಲಿ ಕೆಳಗೆ, ನೀಲಮ್ಮ ಎಂಬಾಕೆಯ ಮನೆಯ ಮೇಲೂ ಅಂಥದೇ ಕ್ಯಾಮೆರಾ. ಒಂದೇ ಉಲ್ಕೆ ಎರಡಕ್ಕೂ ಕಂಡರೆ, ಅದು ಎಷ್ಟು ಎತ್ತರದಲ್ಲಿ ಉರಿಯಿತೆಂದು ಲೆಕ್ಕ ಹಾಕಬಹುದು. ಒಂದಕ್ಕೇ ಕಂಡರೆ ಆಗದು.

ಮೂರು ವರ್ಷ ಪುಸ್ತಕ ಬರೆದ ಪರಶಿವನಿಗೆ ಗುರು ಅನಸೂಯಮ್ಮ ಹೊಸ ಕ್ಯಾಮೆರಾ ಕೊಟ್ಟು ಅವನ ಊರಿಗೆ ಕಳಿಸುವವರಿದ್ದರು. ಸೋಮವಾರ ಹೊರಡುವುದೆಂದು ಗೊತ್ತಾಗಿತ್ತು.

ಭಾನುವಾರ ಬೆಳಿಗ್ಗೆ ನೀಲಮ್ಮನ ಫೋನು ಬಂತು. ಮಾತು ಮುಗಿಸಿ ಅನಸೂಯಮ್ಮ ಪುಸ್ತಕ ತರಿಸಿದರು.

“ಗುರುವಾರ ಏನು ಬರೆದಿದ್ದೀ?”

“ಉಲ್ಕೆ ಇಲ್ಲ ಅಂತ, ಅಮ್ಮ.”

“ನೀಲಮ್ಮ ಕೇಳಿದಾಗಲೂ ಹಾಗೇ ಹೇಳಿದೆಯಾ?”

“ಹ್ಞೂಂ.”

“ಅವಳಿಗೆ ದೊಡ್ಡದೊಂದು ಕಂಡಿತ್ತಂತೆ. ‘ನಿಮ್ಮಲ್ಲಿ ಇಲ್ಲ ಅಂದಮೇಲೆ ನನ್ನ ಕ್ಯಾಮೆರಾ ಮುಂದೆ ಹುಳ ಹಾರಿರಬೇಕು ಅಕ್ಕಾ’ ಅಂತ ಅಳಿಸಿಬಿಟ್ಟಿದ್ದಾಳೆ.”

ಪರಶಿವ ನೆಲ ನೋಡಿದ.

“ಗಾಜು ಒರೆಸಿದ ಬಟ್ಟೆ ಕ್ಯಾಮೆರಾ ಮೇಲೇ ಉಳಿದುಬಿಟ್ಟಿತ್ತು. ಬೆಳಿಗ್ಗೆ ನೋಡಿದರೆ ಬರೀ ಕತ್ತಲೆ.”

“ಮರೆತೆ ಅಂತ ಬರೆಯೋದು ತಾನೆ?”

“ಬೈತೀರಿ ಅಂತ...”

“ಬೈತಿದ್ದೆ.”

“ಅವರು ಅಳಿಸಿದ್ದು ವಾಪಸ್ ಬರಲ್ವಾ, ಅಮ್ಮ?”

“ಇಲ್ಲ.”

“ಹಾಗಾದರೆ ನಾಳೆ ನಾನು ಹೊರಡೋದು?”

ಅನಸೂಯಮ್ಮ ಹಗ್ಗದ ಮೇಲಿದ್ದ ಅದೇ ಬಟ್ಟೆ ತಂದು ಅವನ ಮುಖಕ್ಕೆ ಮುಚ್ಚಿದರು. ಭುಜ ಹಿಡಿದು ಹೊಳೆಯ ಕಡೆ ತಿರುಗಿಸಿದರು.

“ದಡದಲ್ಲಿ ದೋಣಿ ಇದೆಯೋ ಇಲ್ಲವೋ?”

“ಕಾಣ್ತಿಲ್ಲ, ಅಮ್ಮ. ಬಟ್ಟೆ ಅಡ್ಡ ಇದೆ.”

ಅವರು ಬಟ್ಟೆ ತೆಗೆದು, ಪುಸ್ತಕದಲ್ಲಿ ಗುರುವಾರದ ಪುಟ ತೆರೆದು ಅವನ ಕೈಗೆ ಪೆನ್ನು ಕೊಟ್ಟರು.

“ಅಷ್ಟೇ ಬರಿ. ನಾಳೆ ನಿನ್ನ ಕ್ಯಾಮೆರಾ ತಗೊಂಡು ಹೊರಡು. ದಾರಿಯಲ್ಲಿ ನೀಲಮ್ಮನ ಊರು ಸಿಗುತ್ತೆ. ಅಲ್ಲಿ ಬಸ್ಸಿಂದ ಇಳಿ.”